ಇಂಗ್ಲೆಂಡಿನಲ್ಲಿ ಮೂರು ಎಕರೆ ಕಾಡು ಕೊಳ್ಳುವ ಮುಂಚೆ

ದೊಡ್ಡ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. "ಸಸೆಕ್ಸ್‌ನಲ್ಲಿ ಮೂರು ಎಕರೆ ಕಾಡು ಮಾರಾಟಕ್ಕಿದೆ. ಅದನ್ನು ತೆಗೆದುಕೊಂಡು ಒಂದು ಸಣ್ಣ ಮನೆ ಕಟ್ಟಿ ಶನಿವಾರ, ಭಾನುವಾರ ಇರಬಹುದಾ?" ಅಂತ ಬರೆದಿದ್ದೀರಿ. ಆಗಲ್ಲ. ಮುಂದೆ ಎಂದಾದರೂ ಅನುಮತಿ ಸಿಕ್ಕೀತು ಅನ್ನೋ ಆಸೆಯಿಂದಲೂ ಕೊಳ್ಳಬೇಡಿ. ನಮ್ಮ ಕಡೆ ಜಮೀನನ್ನು ಕನ್ವರ್ಶನ್ ಮಾಡಿಸಿಕೊಡುವ ಜನ ತಾಲೂಕು ಕಚೇರಿ ಎದುರಿಗೇ ಸಿಗುತ್ತಾರೆ. ಇಲ್ಲಿ ಆ ಬಾಗಿಲೇ ಇಲ್ಲ ಅಂದುಕೊಳ್ಳಿ. ಕಾಡು ಕಾಡಾಗಿಯೇ ಇರಬೇಕು.

ಟೆಂಟ್ ಹಾಕಿಕೊಂಡು ವರ್ಷದಲ್ಲಿ 28 ದಿನದವರೆಗೆ ಉಳಿಯಬಹುದು. ಹಾರೆ, ಗರಗಸ ಇಡೋಕೆ ಒಂದು ಶೆಡ್ ಬೇಕಾದರೆ ಕಟ್ಟುವ ಮುಂಚೆ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ತಿಳಿಸಬೇಕು. ಅದು ಕಾಡಿನ ಕೆಲಸಕ್ಕೆ ನಿಜವಾಗಿ ಬೇಕು ಅಂತ ತೋರಿಸಬೇಕು. ಅದರಲ್ಲಿ ಮಂಚ, ಪರದೆ, ಒಲೆ ಬಂದರೆ ಯಾರಾದರೂ ದೂರು ಕೊಟ್ಟೇ ಕೊಡುತ್ತಾರೆ. ಇನ್ನು ಮಾರುವವರೇ ಪತ್ರದಲ್ಲಿ ತಮ್ಮದೇ ಷರತ್ತು ಸೇರಿಸಿರುತ್ತಾರೆ, ಅದನ್ನೂ ಓದಿ.

ದುಡ್ಡಿನ ಬಗ್ಗೆ ಜಾಸ್ತಿ ಹೇಳಲ್ಲ. ಬ್ಯಾಂಕಿನವರು ಮನೆಗೆ ಕೊಡುವ ಹಾಗೆ ಕಾಡಿಗೆ ಸಾಲ ಕೊಡೋದಿಲ್ಲ, ಕೈಯಲ್ಲೇ ಇರಬೇಕು. ದೊಡ್ಡ ಕಾಡನ್ನು ತುಂಡು ಮಾಡಿ ಮಾರುವಾಗ ಎಕರೆ ಲೆಕ್ಕದಲ್ಲಿ ರೇಟು ಏರುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಸಣ್ಣ ತುಂಡು ಎಕರೆಗೆ 10,000 ಪೌಂಡ್‌ಗಿಂತ ಕೆಳಗೆ ಸಿಗೋದು ಈಗ ಕಷ್ಟ. ಬರೀ ಕಾಡಾದರೆ 1,50,000 ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಅದೊಂದು ಸಮಾಧಾನ. ಲಾಭ ಬರುತ್ತಾ ಅಂತ ಕೇಳಿದ್ದೀರಿ. ಲಾಭವೇ ಬೇಕು ಅಂದರೆ ಬೇರೆ ಏನಾದರೂ ಮಾಡಿ.

ಹಾವಿನ ಬಗ್ಗೆ ಮನೆಯವರಿಗೆ ಭಯ ಅಂದಿರಿ. ವಿಷದ ಹಾವು ಇಲ್ಲಿ ಒಂದೇ, ಆ್ಯಡರ್. ನಮ್ಮ ಮಳೆಗಾಲ ನೋಡಿದವರು ಅದಕ್ಕೆ ಹೆದರಬೇಕಾಗಿಲ್ಲ. ರಕ್ತ ಹೀರುವ ಉಣ್ಣಿಗೆ ಹೆದರಿ. ಇಲ್ಲಿನ ಉಣ್ಣಿ ಕಚ್ಚಿದರೆ ಲೈಮ್ ಅನ್ನೋ ಕಾಯಿಲೆ ಬರಬಹುದು. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ, ಕಂಕುಳು, ಸೊಂಟ ಎಲ್ಲ ನೋಡಿಕೊಳ್ಳಬೇಕು. ಮಕ್ಕಳಿಗೆ ತಲೆಗೂದಲಲ್ಲೂ ನೋಡಿ.

ಈಗ ಮರ ಕಡಿಯುವ ವಿಷಯ. ನೀವೂ ಶಿರಸಿ ಕಡೆಯವರು, ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಲೆಕ್ಕಾಚಾರ ನಿಮಗೆ ಹೇಳಿಕೊಡಬೇಕಾಗಿಲ್ಲ. ಸೊಪ್ಪು ನಮ್ಮದು, ನೆಲ ಸರ್ಕಾರದ್ದು. ಗಂಧದ ಮರವಂತೂ ನಮ್ಮ ಹಿತ್ತಲಲ್ಲೇ ಹುಟ್ಟಿದರೂ 2001ರ ತಿದ್ದುಪಡಿ ಬರುವವರೆಗೆ ನಮ್ಮದಾಗಿರಲಿಲ್ಲ. ಹಾಗಾಗಿ ಇಲ್ಲಿ ಜಮೀನಿನ ಒಡೆತನ ದಾಖಲಿಸುವ ಲ್ಯಾಂಡ್ ರಿಜಿಸ್ಟ್ರಿಯ ಕಾಗದದಲ್ಲಿ ನನ್ನ ಹೆಸರು ನೋಡಿದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ನೆಲ, ಮರ ಎರಡೂ ನನ್ನದು. ಕಡಿಯೋಕೆ ಮಾತ್ರ ಅಳತೆ ಇದೆ. ಲೈಸೆನ್ಸ್ ಇಲ್ಲದೆ ಮೂರು ತಿಂಗಳಿಗೊಮ್ಮೆ, ಅಂದರೆ ಕ್ಯಾಲೆಂಡರ್‌ನ ಪ್ರತಿ ಕ್ವಾರ್ಟರ್‌ಗೆ, 5 ಘನ ಮೀಟರ್ ಕಡಿಯಬಹುದು. ಅದರಲ್ಲಿ ಮಾರಬಹುದಾದ್ದು 2 ಘನ ಮೀಟರ್ ಮಾತ್ರ. ಅದಕ್ಕಿಂತ ಜಾಸ್ತಿ ಬೇಕಾದರೆ ಫಾರೆಸ್ಟ್ರಿ ಕಮಿಷನ್‌ಗೆ ಅರ್ಜಿ ಹಾಕಬೇಕು. ಅರ್ಜಿಗೆ ಫೀಸು ಇಲ್ಲ, ಸಮಯ ಹಿಡಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಮರಕ್ಕೆ ಬರ ಬಂದು 1919ರಲ್ಲಿ ಹುಟ್ಟಿದ ಇಲಾಖೆ ಅದು. ಮರ ಹೋದ ಜಾಗದಲ್ಲಿ ಮತ್ತೆ ಮರ ಬರಬೇಕು ಅಂತ ಇವತ್ತಿಗೂ ಷರತ್ತು ಹಾಕುತ್ತದೆ. ಕೆಲವು ಮರಗಳ ಮೇಲೆ ಕೌನ್ಸಿಲ್‌ನ ರಕ್ಷಣಾ ಆದೇಶ ಇರುತ್ತದೆ, ಅವುಗಳ ಕೊಂಬೆಯನ್ನೂ ಕೇಳದೆ ಮುಟ್ಟಬೇಡಿ. ಹಕ್ಕಿ ಗೂಡು ಕಟ್ಟುವ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಗರಗಸ ಕೆಳಗಿಡಿ.

ಇಷ್ಟೆಲ್ಲ ಇದ್ದರೂ ಕೆಲಸದಲ್ಲಿ ಸುಖ ಇದೆ. ನೀವು ಕಳಿಸಿದ ಫೋಟೋದಲ್ಲಿ ಒಂದೇ ಬುಡದಿಂದ ಐದಾರು ಕಾಂಡ ಎದ್ದಿವೆಯಲ್ಲ, ಅದು ಸ್ವೀಟ್ ಚೆಸ್ಟ್‌ನಟ್. ಬಾಳೆ ಕಡಿದ ಮೇಲೆ ಕಂದು ಬರುವ ಹಾಗೆ, ಅದನ್ನು ಬುಡಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಇಲ್ಲಿನವರು ಕಾಪಿಸ್ ಅನ್ನುತ್ತಾರೆ. ಹನ್ನೆರಡರಿಂದ ಹದಿನಾರು ವರ್ಷಕ್ಕೆ ಬೇಲಿ ಗೂಟಕ್ಕೆ ಬರುತ್ತದೆ. ಹೇಜಲ್ ಆದರೆ ಏಳೆಂಟು ವರ್ಷ ಸಾಕು. ಕಾಡನ್ನು ಪಾಲು ಮಾಡಿಕೊಂಡು ಒಂದೊಂದು ಚಳಿಗಾಲ ಒಂದೊಂದು ಪಾಲು ಕಡಿಯುವುದು ಕ್ರಮ. ಕಡಿದ ಕಡೆ ನೆಲಕ್ಕೆ ಬಿಸಿಲು ಬೀಳುತ್ತದೆ. ಮುಂದಿನ ವಸಂತಕ್ಕೆ ಅಲ್ಲಿ ಏನೇನು ಹೂವು ಏಳುತ್ತದೆ ಅಂತ ನೋಡೋದೇ ಒಂದು ಸಂಭ್ರಮ. ಏಪ್ರಿಲ್ ಕೊನೆಗೆ ಬ್ಲೂಬೆಲ್ ಅರಳಿದರೆ ನೀವೇ ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತೀರಿ. ಅದರ ಗಡ್ಡೆ ಮಾತ್ರ ಕಿತ್ತು ಮಾರಬೇಡಿ. ಕಾನೂನು ಇದೆ. ಜಿಂಕೆ ಬಂದು ಚಿಗುರು ತಿನ್ನುತ್ತದೆ, ಬೂದು ಅಳಿಲು ಸಿಪ್ಪೆ ಸುಲಿಯುತ್ತದೆ. ಮಂಗನ ಕಾಟ ನೋಡಿದ ನಮಗೆ ಇದು ಹೊಸದಲ್ಲ ಬಿಡಿ.

ನೀವು ಕೇಳದ ಒಂದು ವಿಷಯವನ್ನು ಮಾತ್ರ ಉದ್ದಕ್ಕೆ ಹೇಳಬೇಕು. ನಕ್ಷೆ ಮೇಲೆ ಹಸಿರು ಚುಕ್ಕೆ ಗೆರೆ ನೋಡಿದಿರಾ? ಅದು ಸಾರ್ವಜನಿಕ ಕಾಲುದಾರಿ. ನಿಮ್ಮ ಮೂರು ಎಕರೆಯ ನಡುವೆಯೇ ಹೋಗುತ್ತದೆ. ಕೌನ್ಸಿಲ್‌ನ ಅನುಮತಿ ಇಲ್ಲದೆ ಅದನ್ನು ಮುಚ್ಚುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ, ಅಡ್ಡ ದಿಮ್ಮಿ ಇಡುವ ಹಾಗೂ ಇಲ್ಲ.

ನಾನು ಈ ದೇಶಕ್ಕೆ ಬಂದದ್ದು ನವೆಂಬರ್‌ನಲ್ಲಿ. ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ವಾರವಿಡೀ ಆಫೀಸು, ರೂಮು, ಅನ್ನ, ಸಾರು. ಒಂದು ಭಾನುವಾರ ಜೊತೆಗೆ ಕೆಲಸ ಮಾಡುವವರು ನಡೆಯೋಕೆ ಕರೆದುಕೊಂಡು ಹೋದರು. ಯಾರದೋ ಹೊಲ, ಯಾರದೋ ಕಾಡು. ನಾನು ಗೇಟಿನ ಹತ್ತಿರವೇ ನಿಂತೆ. ಯಜಮಾನರನ್ನು ಒಂದು ಮಾತು ಕೇಳದೆ ಹೇಗೆ ಒಳಗೆ ಹೋಗೋದು? ಅವರು ನಕ್ಕು, ದಾರಿ ಎಲ್ಲರದ್ದು, ಬನ್ನಿ ಅಂದರು. ಆ ದಿನ ನನಗೆ ಈ ದೇಶ ಇಷ್ಟವಾಯಿತು. ಕಾಡು ಕೊಳ್ಳುವಾಗ ಕಾಲುದಾರಿ ಇರೋದನ್ನು ಒಳ್ಳೆಯದೇ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಆದರೆ ದಾರಿಯಲ್ಲಿ ನಡೆಯೋದು ಬೇರೆ, ದಾರಿ ಇರುವ ಕಾಡಿನ ಮಾಲೀಕನಾಗೋದು ಬೇರೆ.

ನನ್ನ ದಾರಿಯ ಎರಡೂ ಕಡೆ ಆ್ಯಶ್ ಮರಗಳಿದ್ದವು. ನಾನು ಕೊಂಡಾಗ ಅವೇ ಕಾಡಿನ ಶೋಭೆ. 2012ರಲ್ಲಿ ಆ್ಯಶ್ ಡೈಬ್ಯಾಕ್ ಅನ್ನೋ ಶಿಲೀಂಧ್ರ ರೋಗ ಬ್ರಿಟನ್‌ನಲ್ಲಿ ಪತ್ತೆಯಾಯಿತು. ಕೆಲವು ವರ್ಷಕ್ಕೆ ನಮ್ಮಲ್ಲಿಗೂ ಬಂತು. ಮೊದಲು ತುದಿ ಕೊಂಬೆ ಬೋಳಾಗುತ್ತದೆ, ಆಮೇಲೆ ಕೆಳಗಿನವೂ ಒಣಗುತ್ತವೆ. ರೋಗ ಹಿಡಿದ ಆ್ಯಶ್ ಬಹಳ ಬೇಗ ಪೆಡಸಾಗುತ್ತದೆ, ಯಾವ ಗಳಿಗೆಯಲ್ಲಿ ಕೊಂಬೆ ಮುರಿಯುತ್ತದೋ ಹೇಳೋಕೆ ಬರಲ್ಲ. ಮರ ಹತ್ತಿ ಕಡಿಯುವವರು ಇಂಥದ್ದನ್ನು ಹತ್ತಲು ಒಪ್ಪೋದಿಲ್ಲ, ಮೇಲೆತ್ತುವ ಯಂತ್ರ ತರಿಸಬೇಕು. ಕೊಂಬೆ ಬಿದ್ದು ದಾರಿಹೋಕರಿಗೆ ಪೆಟ್ಟಾದರೆ ಹೊಣೆ ಮಾಲೀಕನ ತಲೆಗೆ ಬರಬಹುದು.

ನಾನು ಲೈಸೆನ್ಸ್ ಪಡೆದೆ. ಪೊಟರೆಗಳಲ್ಲಿ ಬಾವಲಿ ಇದೆಯಾ ಅಂತ ತಿಳಿದವರಿಂದ ನೋಡಿಸಿದೆ. ದಾರಿಯನ್ನು ಸ್ವಲ್ಪ ದಿನ ಮುಚ್ಚೋಕೆ ಕೌನ್ಸಿಲ್‌ನ ಅನುಮತಿಯೂ ಆಯಿತು. ಕೆಲಸ ಶುರುವಾದ ದಿನ ಒಬ್ಬರು ಹೆಂಗಸು ನಾಯಿ ಹಿಡಿದುಕೊಂಡು ಬಂದರು, ನನ್ನ ಹೆಲ್ಮೆಟ್ಟು, ಬಟ್ಟೆ ನೋಡಿ "ನಿಮ್ಮ ಮಾಲೀಕರು ಎಲ್ಲಿ?" ಅಂತ ಕೇಳಿದರು. ನಾನೇ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಇನ್ನೊಬ್ಬರು ದೂರದಿಂದ ಫೋಟೋ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಫೋನ್ ಮಾಡಿ, ಯಾರೋ ಹೊರಗಿನವರು ಬಂದು ಮರ ಕದಿಯುತ್ತಿದ್ದಾರೆ ಅಂತ ದೂರು ಕೊಟ್ಟಿದ್ದರು. ಬಂದ ಅಧಿಕಾರಿ ಕಾಗದ ನೋಡಿ, ಎಲ್ಲ ಸರಿ ಇದೆ ಅಂತ ಹೇಳಿ ಹೋದರು. ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಅಷ್ಟು ವರ್ಷ ಆ ಕಾಡಿಗೆ ಹೋಗಿ ಬಂದಿದ್ದೇನೆ, ತೆರಿಗೆ ಕಟ್ಟುವ ಮನುಷ್ಯ, ಅದೇ ದಾರಿಯಲ್ಲಿ ಗುಡ್ ಮಾರ್ನಿಂಗ್ ಅಂದುಕೊಂಡು ಓಡಾಡಿದ್ದೇನೆ. ಯಾರಿಗೂ ನಾನು ಯಾರು ಅಂತ ಗೊತ್ತಿರಲಿಲ್ಲ. ಬಣ್ಣದ ಮಾತು ಇಲ್ಲವೇ ಇಲ್ಲ ಅಂತ ಹೇಳೋಕೆ ನಾನು ತಯಾರಿಲ್ಲ. ಆದರೆ ಅದೊಂದೇ ಅಲ್ಲ. ಲಂಡನ್‌ನಿಂದ ಬಂದು ಕಾಡು ಕೊಂಡ ಬಿಳಿಯರನ್ನೂ ಆ ಹಳ್ಳಿ ಅನುಮಾನದಿಂದಲೇ ನೋಡುತ್ತದೆ. ಇಂಗ್ಲೆಂಡಿನ ಹಳ್ಳಿಯೂ ಹಳ್ಳಿಯೇ, ಅಲ್ವಾ? ನಮ್ಮೂರಲ್ಲಿ ಬೇಲಿ ಬದಿಯ ಮರ ಕಡಿಯೋ ಮುಂಚೆ ಪಕ್ಕದ ತೋಟದವರ ಮನೆಗೆ ಹೋಗಿ, ಎಲೆ ಅಡಿಕೆಯ ಕವಳ ಹಾಕಿ, "ನಾಳೆ ಆ ಮರ ತೆಗೆಸ್ತಾ ಇದ್ದೇನೆ" ಅಂತ ಹೇಳಿ ಬರುತ್ತೇವೆ. ಅಪ್ಪಣೆ ಕೇಳೋದಲ್ಲ ಅದು, ಮರ್ಯಾದೆ.

ಮುಂದಿನ ಚಳಿಗಾಲಕ್ಕೆ ನಾನು ಗೇಟಿಗೆ ಒಂದು ಹಾಳೆ ಅಂಟಿಸಿದೆ. ಯಾವ ಮರ, ಯಾಕೆ, ಎಂದಿನಿಂದ ಎಂದಿನವರೆಗೆ, ಆ ಜಾಗದಲ್ಲಿ ಏನು ನೆಡುತ್ತೇನೆ, ಕೆಳಗೆ ನನ್ನ ಹೆಸರು. ಚರ್ಚ್ ಪಕ್ಕದ ಹಾಲ್‌ನಲ್ಲಿ ನಡೆಯುವ ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ) ಸಭೆಗೆ ಹೋಗಿ ಹಿಂದಿನ ಸಾಲಲ್ಲಿ ಕೂತೆ. ಅಲ್ಲಿ ಒಬ್ಬ ವೃದ್ಧರು ಸಿಕ್ಕರು, ಹರೆಯದಲ್ಲಿ ಚೆಸ್ಟ್‌ನಟ್ ಸೀಳಿ ಬೇಲಿ ಮಾಡುತ್ತಿದ್ದವರು. ಆಮೇಲೆ ಅವರೇ ಕಾಡಿಗೆ ಬಂದು, ಬುಡವನ್ನು ಎಷ್ಟು ಕೆಳಗೆ, ಯಾವ ಇಳಿಜಾರಿಗೆ ಕತ್ತರಿಸಿದರೆ ನೀರು ನಿಲ್ಲೋದಿಲ್ಲ ಅಂತ ತೋರಿಸಿಕೊಟ್ಟರು. ನಾಯಿ ಹಿಡಿದುಕೊಂಡು ಬಂದಿದ್ದ ಹೆಂಗಸು ಈಗ ಮರ ಬಿದ್ದರೆ ನನಗೇ ಫೋನ್ ಮಾಡುತ್ತಾರೆ. ಆದರೂ "ಮಾಲೀಕರು ಎಲ್ಲಿ" ಅನ್ನೋ ಆ ಮಾತು ಇನ್ನೂ ಚುಚ್ಚುತ್ತದೆ. ಹಾಗಾಗಿ ಹೇಳುತ್ತೇನೆ, ಅಡ್ವಾನ್ಸ್ ಕೊಡೋ ಮುಂಚೆಯೇ ಆ ದಾರಿಯಲ್ಲಿ ಬೇರೆ ಬೇರೆ ದಿನ ನಡೆಯಿರಿ, ಎದುರು ಬಂದವರನ್ನು ಮಾತಾಡಿಸಿ. ಹಳ್ಳಿಯ ಪಬ್ಬಿಗೆ ಹೋಗಿ ಕೂರಿ, ಕುಡಿಯಲೇಬೇಕು ಅಂತಿಲ್ಲ, ನಿಂಬೆ ಶರಬತ್ತೂ ಸಿಗುತ್ತದೆ.

ಅಪ್ಪ, ಅಮ್ಮ ಬಂದರೆ ಅವರಿಗೆ ಬೇಜಾರು ಕಳೆಯುತ್ತಾ ಅಂತಲೂ ಕೇಳಿದ್ದೀರಿ. ನಮ್ಮ ಅಪ್ಪ ಬಂದಾಗ ಒಂದು ಸುತ್ತು ಹಾಕಿ, "ಇದರಿಂದ ವರ್ಷಕ್ಕೆ ಏನು ಬರುತ್ತೆ?" ಅಂದರು. ಸೌದೆ ಅಂದೆ. ಮತ್ತೆ ಕೇಳಲಿಲ್ಲ. ಅಮ್ಮನಿಗೆ ಮಾತ್ರ ಸಂಕಟ. "ಇಷ್ಟು ದರಕು ಸುಮ್ನೆ ಕೊಳೀತಾ ಇದೆಯಲ್ಲೋ" ಅಂತ ಹೇಳಿ, ಪೊರಕೆ ಕೇಳಿದರು! ದರಕು ಹಾಸೋಕೆ ಕೊಟ್ಟಿಗೆಯೇ ಇಲ್ಲದ ಜಾಗದಲ್ಲಿ ನನ್ನ ಅಮ್ಮ ಒಂದು ಮಧ್ಯಾಹ್ನವಿಡೀ ತರಗೆಲೆ ಗುಡ್ಡೆ ಹಾಕಿದರು. ಅಕ್ಟೋಬರ್‌ನಲ್ಲಿ ಕರೆಸಿ. ಚಳಿ ಅಷ್ಟಿರಲ್ಲ, ಚೆಸ್ಟ್‌ನಟ್ ಕಾಯಿ ಬಿದ್ದಿರುತ್ತದೆ, ಹೆಕ್ಕೋದಕ್ಕೆ ಏನಾದರೂ ಇದ್ದರೆ ಅವರು ಖುಷಿಯಾಗಿರುತ್ತಾರೆ.

ಇನ್ನು ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಜಾಗ ನೋಡೋಕೆ ಮೇ ತಿಂಗಳಲ್ಲಿ ಹೋಗಬೇಡಿ, ಆಗ ಎಲ್ಲ ಕಾಡೂ ಚೆಂದ. ಫೆಬ್ರವರಿಯಲ್ಲಿ, ಮಳೆ ಬಂದ ಮಾರನೇ ದಿನ ಹೋಗಿ. ಸಸೆಕ್ಸ್‌ನ ಜೇಡಿಮಣ್ಣು ಕಾರನ್ನು ಹೂತು ಹಾಕುತ್ತದೆ. ಗೇಟಿನವರೆಗೆ ಕಾರು ಹೋಗುತ್ತಾ, ಹೋದರೆ ಆ ದಾರಿ ಯಾರದ್ದು, ರಿಪೇರಿ ಖರ್ಚು ಹೇಗೆ ಹಂಚಿಕೆ, ಬೇಟೆಯ ಹಕ್ಕು ಹಳೆಯ ಮಾಲೀಕರೇ ಇಟ್ಟುಕೊಂಡಿದ್ದಾರಾ, ಇವನ್ನು ಸಾಲಿಸಿಟರ್, ಅಂದರೆ ಕಾಗದಪತ್ರ ನೋಡುವ ವಕೀಲರ ಹತ್ತಿರ ಬರವಣಿಗೆಯಲ್ಲೇ ಕೇಳಿ. ಮೂರನೇ ವ್ಯಕ್ತಿಗೆ ಪೆಟ್ಟಾದರೆ ಅಂತ ವಿಮೆ ಮೊದಲ ದಿನದಿಂದಲೇ ಇರಲಿ. ಚೈನ್‌ಸಾ ಕೊಳ್ಳೋಕೆ ಮುಂಚೆ ಅದರ ತರಬೇತಿಗೆ ದುಡ್ಡು ಹಾಕಿ, ಆಮೇಲೆ ಕಾಲಿಗೆ ಹಾಕುವ ರಕ್ಷಣೆಯ ಪ್ಯಾಂಟ್, ಕೊನೆಗೆ ಯಂತ್ರ. ಕಾಡಿಗೆ ಒಬ್ಬರೇ ಹೋಗಿ ಅದನ್ನು ಚಾಲೂ ಮಾಡಲೇಬೇಡಿ. ಫೋನ್ ಸಿಗ್ನಲ್ ಎಲ್ಲಿವರೆಗೆ ಇದೆ ಅಂತಲೂ ನೋಡಿಟ್ಟುಕೊಳ್ಳಿ.

ಒಪ್ಪಂದದ ಕರಡು ಬಂದ ಮೇಲೆ ನನಗೊಂದು ಪ್ರತಿ ಕಳಿಸಿ. ದಾರಿ ಹಕ್ಕಿನ ಪುಟಗಳನ್ನು ನಾನೂ ಒಮ್ಮೆ ಓದುತ್ತೇನೆ.