ಬ್ರಿಟ್ಸ್‌ನ ಲಾಳ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಬರ್ಲಿನ್ ಪ್ರವಾಸದ ಲೇಖನವೊಂದು ಬಂದಿತ್ತು. ಗೋಡೆ, ಬ್ರಾಂಡೆನ್‌ಬರ್ಗ್ ದ್ವಾರ, ಮ್ಯೂಸಿಯಂಗಳೆಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಾಲು: ಬ್ರಿಟ್ಸ್ ಎಂಬ ಬಡಾವಣೆಯಲ್ಲಿ ಕುದುರೆ ಲಾಳದ ಆಕಾರದಲ್ಲಿ ಕಟ್ಟಿರುವ ಮನೆಗಳೂ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ ಎಂದು. ಅದನ್ನು ಓದಿದ ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ಬರೆದಿದ್ದಾರೆ: “ನನ್ನ ಮಗ ಇರುವುದು ಅದೇ ಬ್ರಿಟ್ಸ್‌ನಲ್ಲಿ, ಅದೇ ಸಾಲುಮನೆಗಳಲ್ಲೊಂದರಲ್ಲಿ. ಎರಡು ತಿಂಗಳು ಅವನ ಜೊತೆಗಿದ್ದೆ. ದಿನಾ ಸಂಜೆ ಆ ಬೀದಿಗಳಲ್ಲೇ ನನ್ನ ವಾಕಿಂಗ್. ಬಣ್ಣ ಬಳಿದ ಮನೆಗಳು, ನಡುವೆ ಒಂದು ಹೊಂಡ. ಇದಕ್ಕೂ ನಮ್ಮ ಹಂಪಿಗೂ ಒಂದೇ ಪಟ್ಟವೇ? ಅಲ್ಲಿ ನೋಡುವಂಥದ್ದೇನಿದೆ, ದಯವಿಟ್ಟು ತಿಳಿಸಿ.”

ಮಾನ್ಯರೆ,

ಹೌದು, ಒಂದೇ ಪಟ್ಟ. ಹಂಪಿಗೆ ಅದು 1986ರಲ್ಲಿ ಸಿಕ್ಕಿತು. ಬ್ರಿಟ್ಸ್‌ನ ಲಾಳಕ್ಕೆ 2008ರಲ್ಲಿ, ಬರ್ಲಿನ್‌ನ ಇನ್ನೂ ಐದು ವಸತಿ ಬಡಾವಣೆಗಳ ಜೊತೆಯಲ್ಲಿ. ಆ ಜಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು. ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೇನೆ. ಮೊದಲ ಅರ್ಧ ಗಂಟೆ ನನಗೂ ಕಂಡದ್ದು ನೀವು ಕಂಡಷ್ಟೇ. ಬರ್ಲಿನ್‌ನಲ್ಲಿ ಜನ ಹಿಂದೆ ಹೇಗೆ ಬದುಕುತ್ತಿದ್ದರು ಎಂಬುದನ್ನು ತಿಳಿದ ಮೇಲಷ್ಟೇ ಆ ಮನೆಗಳು ನನ್ನ ಕಣ್ಣಿಗೆ ಬಿದ್ದವು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಖಾನೆಗಳು ಬಂದು ಬರ್ಲಿನ್‌ಗೆ ಜನ ನುಗ್ಗಿದಾಗ ಮಾಲೀಕರು ಕಟ್ಟಿಸಿದ್ದು ಐದೈದು ಅಂತಸ್ತಿನ ಬಾಡಿಗೆ ಕಟ್ಟಡಗಳನ್ನು. ಜನ ಅವನ್ನು ‘ಬಾಡಿಗೆ ಬ್ಯಾರಕ್’ ಎಂದೇ ಕರೆದರು. ಬೀದಿಗೆ ಮುಖಮಾಡಿ ಒಂದು ಕಟ್ಟಡ, ಅದರ ಹಿಂದೆ ಒಂದು ಅಂಗಳ, ಅಂಗಳದಾಚೆ ಇನ್ನೊಂದು ಕಟ್ಟಡ, ಮತ್ತೆ ಅಂಗಳ. ಹೀಗೆ ಒಳಗೊಳಗೇ ಹೋಗುತ್ತಿತ್ತು. ಅಂಗಳ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ 1853ರಲ್ಲಿ ನಿಯಮ ಬಂತು: ಕನಿಷ್ಠ 5.34 ಮೀಟರ್ ಉದ್ದ, ಅಷ್ಟೇ ಅಗಲ. ಆ ಅಳತೆ ಬಂದದ್ದು ಬೆಂಕಿ ನಂದಿಸುವ ಬಂಡಿ ಒಳಗೆ ಬಂದು ತಿರುಗುವುದಕ್ಕೆ ಅಷ್ಟು ಜಾಗ ಬೇಕು ಎಂಬ ಲೆಕ್ಕದಿಂದ. ಮನುಷ್ಯರಿಗೆ ಬೆಳಕು ಬೇಕು ಎಂಬ ಯೋಚನೆ ಅದರಲ್ಲಿ ಇರಲಿಲ್ಲ. ಸುತ್ತಲೂ ಐದು ಅಂತಸ್ತು ಎದ್ದು ನಿಂತ ಆ ಬಾವಿಯಂಥ ಅಂಗಳದ ತಳಕ್ಕೆ ಚಳಿಗಾಲದಲ್ಲಿ ಬಿಸಿಲು ಇಳಿಯುತ್ತಲೇ ಇರಲಿಲ್ಲ. ನಮ್ಮ ಹಳೆಯ ವಠಾರಗಳಲ್ಲಿ ಒಂದೇ ನಲ್ಲಿಗೆ ಹತ್ತು ಕೊಡ ಸಾಲುನಿಂತರೂ ತುಳಸಿಕಟ್ಟೆಯ ಮೇಲೆ ಬಿಸಿಲಾದರೂ ಬೀಳುತ್ತಿತ್ತು.

1920ರಲ್ಲಿ ಸುತ್ತಲಿನ ಊರು, ಹಳ್ಳಿಗಳನ್ನೆಲ್ಲ ಸೇರಿಸಿ ‘ಬೃಹತ್ ಬರ್ಲಿನ್’ ಮಾಡಿದರು. ನಗರದ ಜನಸಂಖ್ಯೆ ಒಂದೇ ಏಟಿಗೆ ಸುಮಾರು 19 ಲಕ್ಷದಿಂದ 38 ಲಕ್ಷಕ್ಕೆ ಏರಿತು. ಹಾಗೆ ಸೇರಿದ ಹಳ್ಳಿಗಳಲ್ಲಿ ಬ್ರಿಟ್ಸ್ ಕೂಡ ಒಂದು. ಒಂದು ಜಮೀನ್ದಾರಿ ಮನೆ, ಒಂದು ಹಳೆಯ ಚರ್ಚು, ಗದ್ದೆ ಹೊಲ, ಗಾಳಿಗಿರಣಿ. 1866ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಗಿರಣಿ ಈಗಲೂ ನಿಂತಿದೆ. ನಿಮ್ಮ ಮಗ ಇನ್ನೂ ಕರೆದುಕೊಂಡು ಹೋಗಿಲ್ಲದಿದ್ದರೆ ಮುಂದಿನ ಸಲ ಹೋಗಿ ಬನ್ನಿ. ಜಮೀನ್ದಾರರ ಭೂಮಿ ನಗರದ ಕೈಗೆ ಬಂತು. ಮನೆ ಕಟ್ಟಲು ಜಾಗವೇನೋ ಸಿಕ್ಕಿತು. ಹಣ?

ಹಣ ಬಂದ ದಾರಿ ತಿಳಿದುಕೊಳ್ಳಬೇಕಾದ್ದು. 1923ರಲ್ಲಿ ಜರ್ಮನಿಯ ನಾಣ್ಯ ಕುಸಿದು ನೋಟು ರದ್ದಿ ಕಾಗದವಾಯಿತು. ಉಳಿತಾಯ ಇಟ್ಟವರು ಬೀದಿಗೆ ಬಿದ್ದರು. ಆದರೆ ಸಾಲ ಮಾಡಿ ಮನೆ ಕಟ್ಟಿಸಿದ್ದ ಮಾಲೀಕರ ಸಾಲವೂ ಅದೇ ಏಟಿಗೆ ಕರಗಿಹೋಯಿತು. ಮನೆ ಮಾತ್ರ ಅವರದಾಗಿಯೇ ಉಳಿಯಿತು. ಹೀಗೆ ದಕ್ಕಿದ ಲಾಭದಲ್ಲಿ ಒಂದು ಪಾಲು ಸಮಾಜಕ್ಕೆ ಬರಬೇಕು ಎಂದು 1924ರಲ್ಲಿ ಹಳೆಯ ಮನೆಗಳ ಮೇಲೆ ತೆರಿಗೆ ಹಾಕಿದರು. ಆ ತೆರಿಗೆಯ ಹಣ ಹೊಸ ಮನೆಗಳಿಗೆ ಕಡಿಮೆ ಬಡ್ಡಿಯ ಸಾಲವಾಗಿ ಹೋಯಿತು. ಮುಂದಿನ ಏಳೆಂಟು ವರ್ಷದಲ್ಲಿ ಬರ್ಲಿನ್ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದವು. ಕತ್ತಲ ಅಂಗಳಗಳಿಂದ ಬಂದ ಹಣವೇ ಬೆಳಕಿನ ಮನೆಗಳನ್ನು ಕಟ್ಟಿತು. ಇದನ್ನು ಯೋಚಿಸಿದವರ ಮೇಲೆ ನನಗೆ ತುಂಬು ಗೌರವವಿದೆ.

ಅದೇ 1924ರಲ್ಲಿ ಕಾರ್ಮಿಕ ಸಂಘಗಳು ಸೇರಿ ‘ಗೇಹಾಗ್’ ಎಂಬ ವಸತಿ ಸಂಸ್ಥೆ ಕಟ್ಟಿದವು. ಮುಂದೆ ನಿಂತವರು ಮಾರ್ಟಿನ್ ವಾಗ್ನರ್, ಮನೆಗಳ ನಕ್ಷೆ ಬರೆದವರು ಬ್ರೂನೊ ಟೌಟ್. 1925ರಲ್ಲಿ ಬ್ರಿಟ್ಸ್‌ನಲ್ಲಿ ಕೆಲಸ ಶುರುವಾಯಿತು. ಟೌಟ್ ಅಲ್ಲಿ ನೋಡಿದ್ದು ನೀವು ಹೇಳುವ ಆ ಹೊಂಡವನ್ನು. ಅದು ಹಿಮಯುಗ ಬಿಟ್ಟುಹೋದ ತಗ್ಗು. ಮಾಮೂಲಿ ಕಂಟ್ರಾಕ್ಟರ್ ಆಗಿದ್ದರೆ ಮಣ್ಣು ತುಂಬಿಸಿ ಸಮ ಮಾಡಿ ಸೈಟು ಹಾಕುತ್ತಿದ್ದ. ಟೌಟ್ ಹೊಂಡವನ್ನು ಹೊಂಡವಾಗಿಯೇ ಬಿಟ್ಟು, ಅದರ ಸುತ್ತ ಸುಮಾರು 350 ಮೀಟರ್ ಉದ್ದದ ಮೂರಂತಸ್ತಿನ ಕಟ್ಟಡವನ್ನು ಲಾಳದಂತೆ ಬಗ್ಗಿಸಿದರು. ಲಾಳದ ಬಾಯಿ ಫ್ರಿಟ್ಸ್ ರಾಯ್ಟರ್ ಆಲೆ ಎಂಬ ದೊಡ್ಡ ಬೀದಿಗೆ ತೆರೆದುಕೊಳ್ಳುತ್ತದೆ. ಆ ಬಾಯಿಯಿಂದ ಮೆಟ್ಟಿಲು ಇಳಿದರೆ ಕೊಳ.

ಆ ಮೆಟ್ಟಿಲ ಮೇಲೆ ನಾನು ಒಂದು ಮೇ ತಿಂಗಳ ಸಂಜೆ ಕೂತಿದ್ದೆ. ಪಾರ್ಖಿಮರ್ ಆಲೆ ಸ್ಟೇಷನ್ನಿನಲ್ಲಿ ಮೆಟ್ರೊ ಇಳಿದು ನಡೆದು ಬಂದವನು ಸುಸ್ತಾಗಿ ಕೂತದ್ದು ಅಷ್ಟೇ. ಕೂತು ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಬಾಲ್ಕನಿಗಳು ಬೀದಿಯ ಕಡೆಗಿಲ್ಲ, ಎಲ್ಲವೂ ಕೊಳದ ಕಡೆಗೆ. ಬಿಳಿ ಗೋಡೆ, ಗೋಡೆಯೊಳಗೆ ಗೂಡಿನಂತೆ ಕೂತ ಬಾಲ್ಕನಿ, ಬಾಲ್ಕನಿಯ ಒಳಗೋಡೆಗೆ ಗಾಢ ನೀಲಿ. ಒಂದರಲ್ಲಿ ಅಜ್ಜಿಯೊಬ್ಬರು ಕುಂಡಗಳಿಗೆ ನೀರು ಹಾಕುತ್ತಿದ್ದರು. ಮೂರು ಮನೆ ಆಚೆ ಒಬ್ಬ ಹುಡುಗ ಓದುತ್ತಿದ್ದ. ಕೆಳಗಿನ ಮನೆಗಳ ಮುಂದೆ ಒಂದೊಂದು ಪಟ್ಟಿ ತೋಟ, ಅದಕ್ಕೊಂದು ಹಸಿರು ಬೇಲಿ, ಬೇಲಿಯಾಚೆ ಎಲ್ಲರಿಗೂ ಸೇರಿದ ಹುಲ್ಲು, ಆಮೇಲೆ ನೀರು. ಯಾವ ಮನೆಗೂ ಇನ್ನೊಂದು ಮನೆಗಿಂತ ಒಳ್ಳೆಯ ನೋಟ ಇಲ್ಲ. ಅದು ವಠಾರವೇ, ಮೇಡಂ. ಸುತ್ತ ಮನೆ, ನಡುವೆ ಎಲ್ಲರ ಅಂಗಳ. ಆದರೆ ಅಂಗಳದ ಅಳತೆ ಹಾಕಿದವರು ಬೆಂಕಿ ಬಂಡಿಯನ್ನು ಬಿಟ್ಟು ಅಲ್ಲಿ ಬದುಕುವ ಮನುಷ್ಯರನ್ನು ನೆನೆದು ಅಳೆದಿದ್ದರು.

ಲಾಳ ಇಡೀ ಬಡಾವಣೆಯ ನಡುಮನೆಯಷ್ಟೇ. ಸುತ್ತಲೂ ಬೀದಿಗಳು ಹರಡಿವೆ. ಒಟ್ಟು ಸುಮಾರು 1,960 ಮನೆ. ಅದರಲ್ಲಿ ಮೂರರಲ್ಲೊಂದು ಪಾಲು ಹಿತ್ತಲಿರುವ ಸಾಲುಮನೆ, ಉಳಿದದ್ದು ಅಂತಸ್ತಿನ ಮನೆ. ತೋಟಗಳ ಯೋಜನೆಯಲ್ಲಿ ಲೆಬೆರೆಕ್ಟ್ ಮಿಗ್ಗೆ ಅವರ ಕೈ ಇತ್ತು. ಮೊದಲ ಮಹಾಯುದ್ಧದ ಹಸಿವು ಕಂಡ ಮನುಷ್ಯ. ಪ್ರತಿ ಕುಟುಂಬವೂ ತನ್ನ ತರಕಾರಿ, ಹಣ್ಣು ತಾನೇ ಬೆಳೆದುಕೊಳ್ಳಬೇಕು ಎಂಬುದು ಅವರ ಹಟ.

ಇನ್ನು ಬಣ್ಣ. “ಬಣ್ಣ ಬಳಿದ ಮನೆಗಳು” ಎಂದು ನೀವು ಹಗುರವಾಗಿ ಬರೆದಿದ್ದೀರಿ, ಆದರೆ ಆ ಬಣ್ಣವೇ ಇಲ್ಲಿ ದೊಡ್ಡ ವಿಷಯ. ಕಂಬ, ಕೆತ್ತನೆ, ಕಮಾನು ಮಾಡಿಸಲು ದುಡ್ಡಿಲ್ಲ. ಖರ್ಚು ಹಿಡಿಯಬೇಕೆಂದರೆ ಮನೆಗಳು ಕೆಲವೇ ಮಾದರಿಯವಾಗಿರಬೇಕು. ಆಗ ಎಲ್ಲ ಬೀದಿಯೂ ಒಂದೇ ಥರ ಕಾಣುತ್ತದೆ. ಟೌಟ್ ಇದಕ್ಕೆ ಕಂಡುಕೊಂಡ ಉಪಾಯ ಬಣ್ಣ. ಕೆಂಪು, ಹಳದಿ, ಬಿಳಿ, ನೀಲಿ. ಸಾಲಿನ ಯಾವ ಮನೆಗೆ ಯಾವುದು, ಬಾಗಿಲಿಗೆ ಯಾವುದು, ಕಿಟಕಿಯ ಚೌಕಟ್ಟಿಗೆ ಯಾವುದು ಎಂದು ಲೆಕ್ಕ ಹಾಕಿ ಬಳಿಸಿದರು. 1913ರಲ್ಲಿ ಫಾಲ್ಕೆನ್‌ಬರ್ಗ್‌ನಲ್ಲಿ ಅವರು ಇದೇ ಪ್ರಯೋಗ ಶುರು ಮಾಡಿದಾಗ ಜನ ಆ ಕೇರಿಗೆ ‘ಬಣ್ಣದ ಪೆಟ್ಟಿಗೆ’ ಎಂದು ಹೆಸರಿಟ್ಟಿದ್ದರು. ಬ್ರಿಟ್ಸ್‌ನ ದೊಡ್ಡ ಬೀದಿಯುದ್ದಕ್ಕೂ ಗಾಢ ಕೆಂಪು ಬಳಿದ, ಮೆಟ್ಟಿಲ ಗೋಪುರಗಳು ಮುಂದಕ್ಕೆ ಚಾಚಿದ ಒಂದು ಉದ್ದನೆಯ ಕಟ್ಟಡ ನೋಡಿರುತ್ತೀರಿ. ಅದಕ್ಕೆ ‘ಕೆಂಪು ಮುಂಚೂಣಿ’ ಎಂಬ ಅಡ್ಡಹೆಸರು. ಅದೇ ಬೀದಿಯ ಎದುರು ಬದಿಗೆ ತಿರುಗಿದರೆ ಇಳಿಜಾರು ಮಾಡಿನ, ಹಳೇ ಊರಿನ ಥರದ ಮನೆಗಳು. ಅವೂ ಅದೇ ವರ್ಷಗಳವು, ಆದರೆ ಇನ್ನೊಂದು ಸಂಸ್ಥೆ ಕಟ್ಟಿದ್ದು. ಜರ್ಮನ್ನರ ಮನೆಗೆ ಚಪ್ಪಟೆ ಮಾಡು ಸರಿಯೇ, ಇಳಿಜಾರು ಮಾಡು ಸರಿಯೇ ಎಂದು ಆ ಕಾಲದಲ್ಲಿ ರಾಜಕೀಯದ ಜಗಳವೇ ನಡೆದಿತ್ತು. ಒಂದೇ ಬೀದಿಯ ಎರಡು ಬದಿಯಲ್ಲಿ ಆ ಜಗಳ ಇಂದಿಗೂ ಎದುರುಬದುರು ನಿಂತಿದೆ.

ಬೀದಿಗಳ ಹೆಸರನ್ನೂ ಓದಬೇಕು. ಬಹುತೇಕ ಎಲ್ಲವೂ ಫ್ರಿಟ್ಸ್ ರಾಯ್ಟರ್ ಎಂಬ ಲೇಖಕನ ಬದುಕಿನಿಂದ, ಬರಹದಿಂದ ಬಂದವು. ಅವರು 1810ರಿಂದ 1874ರವರೆಗೆ ಬದುಕಿದ್ದವರು, ಉತ್ತರ ಜರ್ಮನಿಯ ಹಳ್ಳಿಗರ ಆಡುಮಾತಿನಲ್ಲಿ ಬರೆದವರು. ವಿದ್ಯಾರ್ಥಿಯಾಗಿದ್ದಾಗ ರಾಜದ್ರೋಹವೆಂದು ಮರಣದಂಡನೆ ಆಗಿ, ಅದು ಇಳಿದು, ಕೋಟೆಗಳಲ್ಲಿ ಸೆರೆ ಅನುಭವಿಸಿದವರು. ಲಾಳದ ಹಿಂಬದಿಗೆ ‘ಹ್ಯೂಸುಂಗ್’ ಎಂಬ ಬೀದಿಯಿದೆ. ವಜ್ರದಾಕೃತಿಯಲ್ಲಿ ಮನೆಗಳು ನಿಂತ, ಹಳ್ಳಿಯ ಬಯಲಿನಂತೆ ಕಾಣುವ ಜಾಗ. ಆ ಪದಕ್ಕೆ ಅಲ್ಲಿನ ಆಡುಮಾತಿನಲ್ಲಿ ‘ಇರಲೊಂದು ಮನೆ’ ಎಂದರ್ಥ. ರಾಯ್ಟರ್ ‘ಕೈನ್ ಹ್ಯೂಸುಂಗ್’ ಎಂಬ ಕಥನಕಾವ್ಯ ಬರೆದಿದ್ದರು, ಎಂದರೆ ‘ಮನೆಯಿಲ್ಲ’. ಧಣಿ ಒಪ್ಪಿ ಮನೆ ಕೊಡದೆ ಆಳುಮಗ ಮದುವೆಯಾಗುವಂತಿಲ್ಲ ಎಂಬ ಕಾಲದ ಕಥೆ. ಬಸುರಿಯಾದ ಹುಡುಗಿ, ಅವಳನ್ನು ಮದುವೆಯಾಗಲು ಒಂದು ಸೂರು ಕೇಳುವ ಹುಡುಗ, ಕೊಡೆನೆನ್ನುವ ಧಣಿ. ಕೊನೆಗೆ ಕೊಲೆಯಾಗುತ್ತದೆ, ಹುಡುಗ ಊರು ಬಿಡುತ್ತಾನೆ, ಹುಡುಗಿ ಹುಚ್ಚಳಾಗಿ ಸಾಯುತ್ತಾಳೆ. ಜಮೀನ್ದಾರರದಾಗಿದ್ದ ನೆಲದಲ್ಲಿ ದುಡಿಯುವವರಿಗೆಂದು ಕಟ್ಟಿದ ಬೀದಿಗೆ ಆ ಶೀರ್ಷಿಕೆಯಿಂದ ‘ಇಲ್ಲ’ ಎಂಬುದನ್ನು ತೆಗೆದು ಹೆಸರಿಟ್ಟಿದ್ದಾರೆ. ನೀಲಿ ಬಾಲ್ಕನಿಗಿಂತ, ಕೊಳಕ್ಕಿಂತ ಈ ಒಂದು ಬೀದಿ ಫಲಕದ ಮುಂದೆ ನಾನು ಹೆಚ್ಚು ಹೊತ್ತು ನಿಂತೆ.

ಎಲ್ಲವೂ ಅಂದುಕೊಂಡಂತೆ ಆಯಿತು ಎನ್ನಲಾರೆ. ಬಾಡಿಗೆ ಕಡುಬಡವರ ಕೈಗೆ ಎಟುಕಲಿಲ್ಲ. ಬಂದು ನೆಲೆಸಿದವರಲ್ಲಿ ಹೆಚ್ಚಿನವರು ಗುಮಾಸ್ತರು, ಕಸುಬು ಬಲ್ಲ ಕೆಲಸಗಾರರು, ಸರ್ಕಾರಿ ನೌಕರರು. ಬರಹಗಾರರೂ ಇದ್ದರು. ಕವಿ, ಅರಾಜಕತಾವಾದಿ ಎರಿಕ್ ಮ್ಯೂಸಾಮ್ 1927ರಿಂದ ಇಲ್ಲಿದ್ದರು. 1933ರ ಫೆಬ್ರುವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ರಾತ್ರಿ ಕಳೆದು ಬೆಳಗಾಗುವ ಮುಂಚೆ ನಾಜಿಗಳು ಅವರನ್ನು ಹಿಡಿದೊಯ್ದರು. ಮರುವರ್ಷ ಜುಲೈನಲ್ಲಿ ಒರಾನಿಯನ್‌ಬುರ್ಗ್ ಶಿಬಿರದಲ್ಲಿ ಕೊಂದರು. ಗೇಹಾಗ್ ಸಂಸ್ಥೆಯನ್ನೂ ತಮ್ಮ ವಶಕ್ಕೆ ತೆಗೆದುಕೊಂಡರು. ಟೌಟ್ ದೇಶ ಬಿಟ್ಟು ಜಪಾನ್ ಸೇರಿ, ಅಲ್ಲಿಂದ ಟರ್ಕಿಗೆ ಹೋಗಿ, 1938ರ ಡಿಸೆಂಬರ್ 24ರಂದು ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ತಾವು ಕಟ್ಟಿದ ಕೊಳದ ದಂಡೆಗೆ ಮತ್ತೆ ಬರಲಾಗಲಿಲ್ಲ.

ಇಲ್ಲೊಂದು ಎಳೆ ನಮ್ಮೂರಿಗೂ ಬರುತ್ತದೆ. ಬರ್ಲಿನ್‌ನ ತಾಂತ್ರಿಕ ಕಾಲೇಜಿನಲ್ಲಿ ಟೌಟ್ ಅವರಿಂದ ಪಾಠ ಹೇಳಿಸಿಕೊಂಡ ಓಟೊ ಕೋನಿಗ್ಸ್‌ಬರ್ಗರ್ ಎಂಬ ಯುವಕ ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡರು. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ.ವಿ. ರಾಮನ್ ಕರೆಸಿಕೊಂಡಿದ್ದರಿಂದ ಬಾರ್ನ್ 1935-36ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದವರು. ಅಳಿಯ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿನ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗದ ಕಟ್ಟಡ ಅವರದು. ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ವಿಭಾಗದ ನಿರ್ದೇಶಕರಾಗಿ ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದವರಿಗೆ ಸೂರು ಒದಗಿಸುವ ಕೆಲಸದಲ್ಲಿ ತೊಡಗಿದರು.

ಬ್ರಿಟ್ಸ್ ಯುದ್ಧದಲ್ಲಿ ಹೆಚ್ಚು ಪೆಟ್ಟು ತಿನ್ನದೆ ಉಳಿಯಿತು. ಅಲ್ಲಿಂದ ದಕ್ಷಿಣಕ್ಕೆ ಮೆಟ್ರೊದಲ್ಲಿ ಒಂದೆರಡು ಸ್ಟೇಷನ್ ಹೋದರೆ ಗ್ರೋಪಿಯಸ್‌ಸ್ಟಾಟ್ ಸಿಗುತ್ತದೆ. 1962ರಿಂದ 1975ರವರೆಗೆ ಕಟ್ಟಿದ ಸುಮಾರು 18,500 ಮನೆ, ಆಕಾಶಕ್ಕೆ ಮುಟ್ಟುವ ಕಟ್ಟಡಗಳು. ಒಂದೇ ಮಧ್ಯಾಹ್ನ ಎರಡನ್ನೂ ನೋಡಿದರೆ ಮೂರಂತಸ್ತಿಗೆ ನಿಲ್ಲಿಸಿದ ಟೌಟ್ ಕೈಯ ಹದ ತಾನಾಗಿ ಗೊತ್ತಾಗುತ್ತದೆ.

ನೀವು ಕಂಡ ಬಣ್ಣ ಟೌಟ್ ಕಾಲದಿಂದ ಹಾಗೇ ಉಳಿದದ್ದಲ್ಲ. ವರ್ಷಗಳು ಕಳೆದಂತೆ ಮೂಲ ಬಣ್ಣದ ಮೇಲೆ ಬೇರೆ ಬಣ್ಣ, ಬೇರೆ ಗಾರೆ ಕೂತಿತ್ತು. 1980ರ ದಶಕದಲ್ಲಿ ವಿನ್‌ಫ್ರೀಡ್ ಬ್ರೆನೆ ಮತ್ತು ಹೆಲ್ಗೆ ಪಿಟ್ಸ್ ಎಂಬ ವಾಸ್ತುಶಿಲ್ಪಿಗಳು ಟೌಟ್ ಅವರ ಬಡಾವಣೆಗಳ ಗೋಡೆ, ಬಾಗಿಲು, ಚೌಕಟ್ಟುಗಳನ್ನು ಪರೀಕ್ಷಿಸಿ ಮೂಲದಲ್ಲಿ ಏನಿತ್ತು ಎಂದು ದಾಖಲಿಸಿದರು. ಬಣ್ಣವನ್ನು ಪದರ ಪದರವಾಗಿ ಕೆರೆಯುತ್ತ ತಳದ ಪದರಕ್ಕೆ ಹೋಗುವ ಕೆಲಸ ಅದು. ಈರುಳ್ಳಿ ಸಿಪ್ಪೆ ಬಿಡಿಸಿದಂತೆ, ಆದರೆ ಉಗುರಗಲದ ಜಾಗದಲ್ಲಿ. ಆಮೇಲೆ ಸಾಲುಮನೆಗಳನ್ನು ಒಂದೊಂದಾಗಿ ಖಾಸಗಿಯವರಿಗೆ ಮಾರಲು ಶುರುವಾದಾಗ, ಒಬ್ಬೊಬ್ಬ ಮಾಲೀಕ ತನಗೆ ತೋಚಿದ ಬಣ್ಣ ಬಳಿದರೆ ಏನು ಗತಿ ಎಂಬ ಚಿಂತೆ ಹುಟ್ಟಿತು. ಅದಕ್ಕೆ ಅಲ್ಲಿನ ನಿವಾಸಿಗಳೇ ಮುಂದಾಗಿ ಪ್ರತಿ ಮನೆಯ ವಿವರ ಸಿಗುವಂಥ ದಾಖಲೆ ಮಾಡಿಟ್ಟಿದ್ದಾರೆ. ಮನೆ ನಂಬರು ಹುಡುಕಿದರೆ ಆ ಬಾಗಿಲಿಗೆ ಯಾವ ಬಣ್ಣ, ಆ ಕಿಟಕಿಗೆ ಯಾವುದು ಎಂದು ಸಿಗುತ್ತದೆ.

ಮಗನ ಮನೆ ಸಾಲುಮನೆಗಳಲ್ಲೊಂದು ಎಂದು ಬರೆದಿದ್ದೀರಿ. ಹಾಗಾದರೆ ಆ ದಾಖಲೆಯಲ್ಲಿ ನಿಮ್ಮ ಬಾಗಿಲೂ ಇರುತ್ತದೆ. ಅವನಿಗೆ ಫೋನ್ ಮಾಡಿ ಹುಡುಕಲು ಹೇಳಿ. ಯಾವ ಬಣ್ಣ ಎಂದು ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ