ಕ್ಯಾನ್ಸರ್ ಇಲ್ಲ ಅಂದ್ಮೇಲೂ ಭಯ ಯಾಕೆ ಹೋಗಲ್ಲ?

ಮ್ಯಾಮೋಗ್ರಾಂನಲ್ಲಿ (ಸ್ತನ ಕ್ಯಾನ್ಸರ್ ಇದ್ಯಾ ಅಂತ ನೋಡೋ ಎಕ್ಸ್‌-ರೇ) ಏನೋ ಡೌಟ್ ಇದೆ ಅಂತ ವಾಪಸ್ ಕರೆದು, ಬಯಾಪ್ಸಿ (ಸೂಜಿ ಹಾಕಿ ಚೂರು ತೆಗೆದು ಮಾಡೋ ಟೆಸ್ಟ್) ಎಲ್ಲಾ ಮಾಡಿ ಕೊನೆಗೆ ಕ್ಯಾನ್ಸರ್ ಅಲ್ಲ ಅಂದ್ರೆ ಅಲ್ಲಿಗೆ ಮುಗೀತಲ್ವಾ ಅಂತ ಕೇಳಿದೀರ. ತುಂಬಾ ಜನಕ್ಕೆ ಮುಗಿಯಲ್ಲ. ಡೆನ್ಮಾರ್ಕ್‌ನಲ್ಲಿ ಇಂಥ ಹೆಂಗಸರನ್ನ 3 ವರ್ಷ ಫಾಲೋ ಮಾಡಿದ್ರು, 2013ರಲ್ಲಿ ರಿಸಲ್ಟ್ ಬಂತು. 6 ತಿಂಗಳಾದಾಗ ಮನಸ್ಸಿನ ನೆಮ್ಮದಿ, ಬದುಕನ್ನ ನೋಡೋ ರೀತಿ ಇವುಗಳಲ್ಲಿ ಆಗಿದ್ದ ಬದಲಾವಣೆ ನಿಜವಾಗ್ಲೂ ಕ್ಯಾನ್ಸರ್ ಇದ್ದೋರಷ್ಟೇ ಇತ್ತು, 3 ವರ್ಷ ಆದ್ಮೇಲೂ ಮೊದಲೇ ನಾರ್ಮಲ್ ರಿಪೋರ್ಟ್ ಬಂದೋರಿಗಿಂತ ಇವರಿಗೇ ಕಷ್ಟ ಜಾಸ್ತಿ.

ಯಾಕೆ ಅಂದ್ರೆ, ರಿಪೋರ್ಟ್‌ಗೆ ಕಾಯ್ತಾ ಇರೋ ದಿನಗಳಲ್ಲಿ ಮನಸ್ಸು ಆಗ್ಲೇ ಕೆಟ್ಟದ್ದನ್ನೆಲ್ಲ ಒಂದ್ಸಲ ಅನುಭವಿಸಿಬಿಟ್ಟಿರುತ್ತೆ, ಮಕ್ಕಳ ಗತಿ ಏನು ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡಿರ್ತಾರೆ. ಆಮೇಲೂ ಸ್ನಾನ ಮಾಡುವಾಗ ಕೈ ತಾನಾಗೇ ಸೂಜಿ ಹಾಕಿದ ಜಾಗಕ್ಕೇ ಹೋಗುತ್ತೆ. ಅಂಥೋರಿಗೆ "ಏನೂ ಇಲ್ವಲ್ಲ, ಸುಮ್ನಿರು" ಅನ್ಬೇಡಿ ದಯವಿಟ್ಟು.

ಇನ್ನೊಂದು ಚಿಂತೆ, ಕೆಲವರು ಹೆದರಿ ಮುಂದಿನ ಸ್ಕ್ರೀನಿಂಗ್‌ಗೇ ಹೋಗಲ್ಲ. ವಾಪಸ್ ಕರೆಸಿಕೊಂಡೋರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ಲ ಅನ್ನೋದನ್ನ ಟೆಸ್ಟ್‌ಗೆ ಮುಂಚೆನೇ ಬಿಡಿಸಿ ಹೇಳ್ಬೇಕು, ರಿಪೋರ್ಟ್ ಬೇಗ ಕೊಡ್ಬೇಕು.