ನೇರಳೆ ಅನ್ನಕ್ಕೆ ನೇರಳೆ ಅಕ್ಕಿ ಬೇಕಿಲ್ಲ

ನೀವು ಬರೆದದ್ದನ್ನು ಓದಿದೆ. ಅರ್ಧ ಕಿಲೋ ಕಪ್ಪಕ್ಕಿ ತಂದು ಬೇಯಿಸಿದಿರಿ, ಕೊರಿಯಾದ ಹೋಟೆಲಿನಲ್ಲಿ ಕಂಡ ನೇರಳೆ ಅನ್ನದ ಬದಲು ಕರ್ರಗೆ, ಗಟ್ಟಿಯಾಗಿ ಬಂತು. ಈಗ ಯಾವ ಕಂಪನಿಯ ‘ನೇರಳೆ ಅಕ್ಕಿ’ ಕೊಳ್ಳಲಿ, ಕೊರಿಯಾದ ಕುಕ್ಕರನ್ನೇ ತರಿಸಲೇ ಎಂದು ಕೇಳುತ್ತಿದ್ದೀರಿ. ಎರಡನ್ನೂ ಕೊಳ್ಳಬೇಡಿ. ನಿಮ್ಮ ಅಡುಗೆಮನೆಯಲ್ಲಿ ಈಗ ಆಗುತ್ತಿರುವುದೆಲ್ಲ ನನ್ನ ಅಡುಗೆಮನೆಯಲ್ಲಿ ಆಗಿಹೋಗಿದೆ.

ಗಂಡನ ಕೆಲಸದ ಕಾರಣ ನಾವು ಕೆಲವು ವರ್ಷ ಸೋಲ್ ನಗರದ ದಕ್ಷಿಣಕ್ಕಿರುವ ಸುವಾನ್‌ನಲ್ಲಿದ್ದೆವು. ಮಗಳು ತಾನಾಗಿ ಊಟ ಮಾಡಲು ಕಲಿತದ್ದು ಅಲ್ಲಿಯ ಶಿಶುವಿಹಾರದಲ್ಲಿ. ಅಲ್ಲಿ ಆಗಾಗ ಕೊಡುತ್ತಿದ್ದದ್ದು ಹುಂಗ್‌ಮಿಬಾಪ್, ಅಂದರೆ ನೀವು ಕೇಳುತ್ತಿರುವ ಇದೇ ಅನ್ನ. ಬೆಂಗಳೂರಿಗೆ ಮರಳಿದ ಮೇಲೆ ಅವಳು ಬಿಳಿ ಅನ್ನದ ತಟ್ಟೆಯನ್ನು ದೂಡತೊಡಗಿದಳು. ಹುಳಿ ಕಲಸಿದರೂ ಬೇಡ, ತೊವ್ವೆ ತುಪ್ಪ ಹಾಕಿದರೂ ಬೇಡ, ಮೊಸರಂತೂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ‘ಬೊರಾಬಾಪ್ ಕೊಡು’, ಅಂದರೆ ನೇರಳೆ ಅನ್ನ ಕೊಡು ಎಂದು ಒಂದೇ ಹಟ. ಊರು ಬದಲಾದ ಮಗುವಿಗೆ ಹಿಂದಿನ ಮನೆಯಿಂದ ಒಂದನ್ನಾದರೂ ಕೊಡಬೇಕು ಎನ್ನಿಸಿ ನಾನು ಈ ಅನ್ನದ ಬೆನ್ನು ಹತ್ತಿದೆ. ಸುವಾನ್‌ನಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿಯೇ ಎಷ್ಟೋ ಸಲ ಬಟ್ಟಲು ತುಂಬ ಕೊಟ್ಟು ಹೋಗುತ್ತಿದ್ದರು. ಹೇಗೆ ಮಾಡುತ್ತೀರಿ ಎಂದು ಆಗ ಕೇಳಿಕೊಂಡಿರಲಿಲ್ಲ.

ಮೊದಲು ತರಿಸಿದ್ದು ಮಣಿಪುರದ ಚಾಕ್‌ಹಾವ್. 2020ರಲ್ಲಿ ಭೌಗೋಳಿಕ ಸೂಚಕ ಪಡೆದ, ಘಮ್ಮೆನ್ನುವ, ಅಂಟು ಗುಣದ ಒಳ್ಳೆಯ ಕಪ್ಪಕ್ಕಿ ಅದು. ಬೋಗುಣಿಗೆ ಹಾಕಿ ನೀರು ಸುರಿದು ಕೈಯಾಡಿಸಿದೆ. ಕ್ಷಣದಲ್ಲಿ ನೀರು ನೇರಳೆಯಾಯಿತು, ಬೆರಳ ಸಂದಿಗೂ ಬಣ್ಣ ಹತ್ತಿತು. ನೋಡುತ್ತ ನಿಂತಿದ್ದ ಅತ್ತೆ, ‘ಬಣ್ಣ ಹಾಕಿದ್ದಾರೆ ಕಣೇ, ಮಗುವಿಗೆ ಕೊಡಬೇಡ’ ಎಂದರು. ನನಗೂ ಹಾಗೆಯೇ ಅನ್ನಿಸಿತು. ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ ತೊಳೆದೆ. ಕಾಳು ಗಟ್ಟಿ ಎಂದು ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ನೆನೆಸಿದ ನೀರು ಮತ್ತೆ ಗಾಢ ನೇರಳೆಯಾಗಿತ್ತು. ಅದನ್ನೂ ಚೆಲ್ಲಿ, ಇನ್ನೊಮ್ಮೆ ತೊಳೆದು, ಹೊಸ ನೀರು ಹಾಕಿ ಬಿಳಿ ಅಕ್ಕಿಯೊಂದಿಗೆ ಬೇಯಲಿಟ್ಟೆ. ಮುಚ್ಚಳ ತೆಗೆದಾಗ ಮಾಸಿದ ಬೂದು ಬಣ್ಣದ ಅನ್ನ, ನಡುನಡುವೆ ಕಪ್ಪು ಕಾಳು. ಮಗಳು ಒಂದು ತುತ್ತು ಬಾಯಿಗಿಟ್ಟು ಉಗಿದಳು.

ಈ ಚೆಲ್ಲಿದ ನೀರಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದ ತಪ್ಪುಗಳೆಲ್ಲ ಇದರ ಹೊಟ್ಟೆಯಲ್ಲಿಯೇ ಹುಟ್ಟಿದವು. ಕಪ್ಪಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಒಳಗೆ ಬಿಳಿ. ಬಣ್ಣವಿರುವುದು ಹೊರಗಿನ ತೌಡಿನ ಪದರದಲ್ಲಿ ಮಾತ್ರ. ಅದು ಆಂಥೋಸಯನಿನ್ ಗುಂಪಿನ ಬಣ್ಣ. ನೇರಳೆ ಹಣ್ಣಿಗೂ ಬದನೆಕಾಯಿಯ ಸಿಪ್ಪೆಗೂ ಬಣ್ಣ ಕೊಡುವುದು ಇದೇ ಗುಂಪು. ನೀರಿನಲ್ಲಿ ಕರಗುವುದು ಅದರ ಸ್ವಭಾವ. ಕರಗಿದ್ದಕ್ಕೇ ಅದು ಪಕ್ಕದ ಬಿಳಿ ಕಾಳಿಗೆ ಹತ್ತುತ್ತದೆ. ಕೊರಿಯಾದ ಅನ್ನ ನೇರಳೆಯಾಗುವುದು ಹೀಗೆಯೇ ಹೊರತು, ನೇರಳೆ ಅಕ್ಕಿ ಎಂಬ ಬೇರೆ ಅಕ್ಕಿಯಿಂದಲ್ಲ. ಅದು ಬಹುಪಾಲು ಬಿಳಿ ಅಕ್ಕಿಯ ಅನ್ನ. ಒಂದು ಹಿಡಿಗೂ ಕಡಿಮೆ ಕಪ್ಪಕ್ಕಿ ತನ್ನ ನೀರಿನ ಮೂಲಕ ಇಡೀ ಪಾತ್ರೆಗೆ ಬಣ್ಣ ಬಿಟ್ಟಿರುತ್ತದೆ. ಹಾಗಿರುವಾಗ ತೊಳೆದ ನೀರು, ನೆನೆಸಿದ ನೀರು ಎರಡನ್ನೂ ಚೆಲ್ಲಿದರೆ ಉಳಿಯುವುದು ಗಟ್ಟಿ ತೌಡು, ಸಪ್ಪೆ ಕಾಳು. ನಮ್ಮ ಮನೆಗಳಲ್ಲಿ ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆಯುವುದು, ಗಂಜಿ ಬಸಿಯುವುದು ಕೈಗೆ ಕೂತ ಅಭ್ಯಾಸ. ಬಿಳಿ ಅಕ್ಕಿಗೆ ಅದು ಸರಿಯೇ. ಈ ಅಕ್ಕಿಗೆ ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ.

ಬಣ್ಣ ಹಾಕಿದ್ದಾರೆ ಎಂಬ ಅನುಮಾನ ನಿಮಗೂ ಬಂದಿರಬಹುದು. ಆ ನೀರನ್ನು ಒಂದು ಬಿಳಿ ಬಟ್ಟಲಿಗೆ ಹಾಕಿ ಎರಡು ಹನಿ ನಿಂಬೆರಸ ಹಿಂಡಿ. ನೇರಳೆ ಹೋಗಿ ಕೆಂಪಾಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿಗೆ ತಿರುಗುತ್ತದೆ. ಇದು ಧಾನ್ಯದ್ದೇ ಬಣ್ಣದ ನಡವಳಿಕೆ. ಅತ್ತೆಗೆ ಇದನ್ನು ತೋರಿಸಿದ ಮೇಲೆಯೇ ಅವರು ಒಪ್ಪಿದ್ದು.

ಆದರೆ ಅದು ತಿಳಿಯುವ ಮೊದಲು ನಾನು ನಿಮ್ಮ ದಾರಿಯಲ್ಲಿಯೇ ನಡೆದೆ. ಬಣ್ಣ ಬರಲಿಲ್ಲವಲ್ಲ, ಹಾಗಾದರೆ ಕಪ್ಪಕ್ಕಿ ಕಡಿಮೆಯಾಯಿತು ಎಂದುಕೊಂಡೆ. ಪಾಲು ಹೆಚ್ಚಿಸಿದೆ, ಮತ್ತೂ ಹೆಚ್ಚಿಸಿದೆ, ಕೊನೆಗೆ ಅರ್ಧಕ್ಕರ್ಧ. ಈಗ ಅನ್ನ ಕಪ್ಪಾಯಿತು, ಅಗಿಯಲು ದವಡೆ ನೋಯುವಷ್ಟು ಗಡುಸಾಯಿತು. ಅಂಗಡಿಯ ಅಕ್ಕಿ ಸರಿಯಿಲ್ಲ ಎಂದು ಚೆಟ್ಟಿನಾಡಿನ ಕಪ್ಪಕ್ಕಿ ಕರುಪ್ಪು ಕವುಣಿ ತಂದೆ, ಆಮದಾದ ಪೊಟ್ಟಣವನ್ನೂ ತಂದೆ. ಬರೀ ದುಡ್ಡು ಹೋಗಿದ್ದರೆ ಚಿಂತೆಯಿರಲಿಲ್ಲ. ಅಷ್ಟೂ ದಿನ ಮಗು ಅರೆಹೊಟ್ಟೆಯಲ್ಲಿತ್ತು, ಅವಳ ಅಂಗಿಗಳು ಭುಜದಿಂದ ಜಾರುತ್ತಿದ್ದವು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಕೊನೆಗೆ ಸುವಾನ್‌ನ ಆ ಅಜ್ಜಿಗೆ ವಿಡಿಯೊ ಕರೆ ಮಾಡಿದೆ. ಮೊಬೈಲನ್ನು ಕಿಟಕಿಗೆ ಒರಗಿಸಿಟ್ಟು ಮಾತನಾಡುತ್ತಲೇ ಅಕ್ಕಿ ತೊಳೆಯುತ್ತಿದ್ದೆ. ನಾನು ನೀರು ಬಗ್ಗಿಸುತ್ತಿದ್ದಂತೆಯೇ ಅವರು ಮಾತು ನಿಲ್ಲಿಸಿ, ‘ಅದನ್ನೇಕೆ ಚೆಲ್ಲುತ್ತೀಯ? ಬಣ್ಣವೆಲ್ಲ ಅದರಲ್ಲೇ ಇದೆ’ ಎಂದು ದನಿಯೇರಿಸಿದರು. ಎಷ್ಟು ಹಾಕುತ್ತೀಯ ಎಂದು ಕೇಳಿದರು. ಲೋಟ ತೋರಿಸಿದೆ. ಅವರು ಒಳಗೆ ಹೋಗಿ ಊಟದ ಚಮಚ ತಂದು ಹಿಡಿದರು, ಕೊರಿಯಾದಲ್ಲಿ ಅನ್ನ ತಿನ್ನುವ ಉದ್ದ ಹಿಡಿಯ ಸ್ಟೀಲಿನ ಚಮಚ. ಒಬ್ಬೊಬ್ಬರ ಅನ್ನಕ್ಕೆ ಇದರಲ್ಲಿ ಒಂದು, ಮುಗಿಯಿತು ಎಂದರು.

ಅವರ ಕಾಲದವರಿಗೆ ಅನ್ನಕ್ಕೆ ಬೇರೆ ಕಾಳು ಬೆರೆಸುವುದು ಸೊಗಸಿನ ಮಾತಾಗಿರಲಿಲ್ಲ. 1960-70ರ ದಶಕಗಳಲ್ಲಿ ದಕ್ಷಿಣ ಕೊರಿಯಾದಲ್ಲಿ ಅಕ್ಕಿಯ ಅಭಾವವಿತ್ತು. ಬಾರ್ಲಿಯಂಥ ಧಾನ್ಯ ಬೆರೆಸಿ ಉಣ್ಣಬೇಕೆಂದು ಸರ್ಕಾರವೇ ಚಳವಳಿ ನಡೆಸಿತು, ಶಾಲೆಗಳಲ್ಲಿ ಮೇಷ್ಟ್ರು ಮಕ್ಕಳ ಬುತ್ತಿ ತೆರೆಸಿ ಬರೀ ಬಿಳಿ ಅನ್ನ ತಂದಿದ್ದಾರೆಯೇ ಎಂದು ನೋಡುತ್ತಿದ್ದರು. ಅದಕ್ಕೂ ಹಿಂದಿನಿಂದ ಬಂದದ್ದು ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಗೆ ಮಾಡುವ ಐದು ಧಾನ್ಯದ ಅನ್ನ. ಅದರಲ್ಲಿ ನಮ್ಮ ಜೋಳವೂ ಇರುತ್ತದೆ, ನವಣೆಯೂ ಇರುತ್ತದೆ. ಕಪ್ಪಕ್ಕಿಗೆ ಅಲ್ಲಿ ಹೆಸರಾದದ್ದು ದಕ್ಷಿಣದ ಜಿಂದೊ ದ್ವೀಪ.

ಈಗ ನಾನು ಮಾಡುವ ಬಗೆ. ಎರಡು ಲೋಟ ಬಿಳಿ ಅಕ್ಕಿಗೆ ಎರಡು ದೊಡ್ಡ ಚಮಚ ಕಪ್ಪಕ್ಕಿ. ಕಪ್ಪಕ್ಕಿಯನ್ನು ಜರಡಿಯಲ್ಲಿಟ್ಟು ನಲ್ಲಿಯ ಕೆಳಗೆ ಒಮ್ಮೆ ಹಿಡಿದು ತೆಗೆಯಿರಿ, ಧೂಳು ಹೋದರೆ ಸಾಕು, ಉಜ್ಜಬೇಡಿ. ಅಳೆದ ಅರ್ಧ ಲೋಟ ನೀರಿನಲ್ಲಿ ಎರಡು ಗಂಟೆಯಾದರೂ ನೆನೆಯಲಿ. ರಾತ್ರಿಯಿಡೀ ನೆನೆಸುವುದಾದರೆ ಬೇಸಿಗೆಯಲ್ಲಿ ಫ್ರಿಜ್‌ನಲ್ಲಿಡಿ. ಬಿಳಿ ಅಕ್ಕಿಯನ್ನು ಬೇರೆಯಾಗಿ, ನಿಮ್ಮ ಅಭ್ಯಾಸದಂತೆ ಚೆನ್ನಾಗಿ ತೊಳೆದು ಅರ್ಧ ಗಂಟೆ ನೆನೆಸಿ ಬಸಿಯಿರಿ. ಆಮೇಲೆ ಎರಡನ್ನೂ ಕುಕ್ಕರಿಗೆ ಹಾಕಿ, ನೆನೆಸಿದ ನೇರಳೆ ನೀರೂ ಸೇರಿ ಒಟ್ಟು ಎರಡೂಕಾಲು ಲೋಟದಿಂದ ಎರಡೂವರೆ ಲೋಟ ನೀರು. ಉಪ್ಪು ಬೇಡ, ಎಣ್ಣೆ ಬೇಡ, ತುಪ್ಪವೂ ಬೇಡ. ದೊಡ್ಡ ಉರಿಯಲ್ಲಿ ಒಂದು ಕೂಗು ಬರಲಿ, ನಂತರ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಒಲೆ ಆರಿಸಿ ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ.

ತೆರೆದಾಗ ಮೇಲೆಲ್ಲ ಕಪ್ಪು ಕಾಳುಗಳೇ ಕಂಡು ಬಣ್ಣ ತೇಪೆ ತೇಪೆಯಾಗಿ ಹತ್ತಿರುತ್ತದೆ, ಅಂಚಿನಲ್ಲಿ ಇನ್ನೂ ಬಿಳುಪಿರುತ್ತದೆ. ಗಾಬರಿ ಬೇಡ. ಒದ್ದೆ ಮಾಡಿದ ಮರದ ಸೌಟನ್ನು ತಳದವರೆಗೆ ಇಳಿಸಿ, ಅಗುಳು ಮುರಿಯದಂತೆ ಕೆಳಗಿನದನ್ನು ಮೇಲೆ ತನ್ನಿ. ಆವಿಯ ಜೊತೆ ಬಣ್ಣ ಹದವಾಗಿ ಹರಡುತ್ತದೆ. ಕಪ್ಪು ಕಾಳು ಬೆನ್ನು ಬಿರಿದು ಒಳಗಿನ ಬಿಳಿ ತೋರಿಸುತ್ತಿದ್ದರೆ ಬೆಂದಿದೆ ಎಂದರ್ಥ. ಇಡಿಯಾಗಿ, ನುಣುಪಾಗಿ ಉಳಿದಿದ್ದರೆ ನೆನೆದದ್ದು ಸಾಲಲಿಲ್ಲ.

ಬಿಳಿ ಅಕ್ಕಿಯ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಸೋನಾ ಮಸೂರಿ ಬೇಡ. ಅದು ಉದುರುದುರಾಗಿ ನಿಲ್ಲಲೆಂದೇ ಇರುವ ಅಕ್ಕಿ. ಬಣ್ಣ ಹತ್ತುತ್ತದೆ, ಚಾಪ್‌ಸ್ಟಿಕ್‌ಗೆ ಒಟ್ಟಾಗಿ ಬರುವ ಆ ಮೆತ್ತನೆಯ ಅಂಟು ಬರುವುದಿಲ್ಲ. ಸುಶಿ ಅಕ್ಕಿ ಎಂದು ಮಾರುವ ಗಿಡ್ಡ ಕಾಳಿನ ಅಕ್ಕಿ ಸಿಕ್ಕರೆ ಉತ್ತಮ. ಇಲ್ಲವಾದರೆ ಅಂಬೆಮೊಹರ್ ಅಥವಾ ಗೋಬಿಂದೊಭೋಗ್ ತನ್ನಿ. ಇವುಗಳಿಗೆ ತಮ್ಮದೇ ಪರಿಮಳವಿದೆ, ಕೊರಿಯಾದ ರುಚಿ ಅಚ್ಚುಕಟ್ಟಾಗಿ ಬರುವುದಿಲ್ಲ, ಆದರೂ ನನ್ನ ಮಗಳು ತಟ್ಟೆ ಖಾಲಿ ಮಾಡಿದ್ದು ಅಂಬೆಮೊಹರ್‌ನಲ್ಲಿಯೇ.

ಕುಕ್ಕರಿಗೆ ಬರುತ್ತೇನೆ. ಕೊರಿಯಾದಲ್ಲಿ ಮನೆಮನೆಯಲ್ಲಿರುವ ಕುಕ್ಕು, ಕುಚೆನ್‌ನಂಥ ವಿದ್ಯುತ್ ಕುಕ್ಕರ್‌ಗಳಲ್ಲಿ ಹೆಚ್ಚಿನವು ಒತ್ತಡದಲ್ಲಿ ಬೇಯಿಸುವಂಥವು, ಧಾನ್ಯ ಬೆರೆಸಿದ ಅನ್ನಕ್ಕೆ ಬೇರೆ ಗುಂಡಿಯೇ ಇರುತ್ತದೆ. ಆ ಒತ್ತಡವನ್ನು ನಮ್ಮ ಸೀಟಿ ಹೊಡೆಯುವ ಕುಕ್ಕರ್ ಚೆನ್ನಾಗಿಯೇ ಕೊಡುತ್ತದೆ. ನಿಮ್ಮಲ್ಲಿರುವುದು ಒಂದೇ ಗುಂಡಿಯ ಸಾಮಾನ್ಯ ವಿದ್ಯುತ್ ಕುಕ್ಕರ್ ಎಂದು ಬರೆದಿದ್ದೀರಿ, ತೊಂದರೆ ಅಲ್ಲಿದೆ. ನೀರು ಇಂಗಿ ತಳದ ಬಿಸಿ ನೂರು ಡಿಗ್ರಿ ದಾಟಿದೊಡನೆ ಅದು ಟಕ್ಕೆಂದು ಆರುತ್ತದೆ. ಬಿಳಿ ಅಕ್ಕಿಗೆ ಅಷ್ಟು ಸಾಕು. ತೌಡು ತೆಗೆಯದ ಕಪ್ಪಕ್ಕಿ ಬೇಯಲು ಅದರ ಎರಡರಷ್ಟು ಹೊತ್ತು ಬೇಕು, ನೆನೆಸದಿದ್ದರೆ ಇನ್ನೂ ಹೆಚ್ಚು. ನಿಮ್ಮ ಅನ್ನ ಗಟ್ಟಿಯಾದದ್ದು ಇದರಿಂದ.

ನೀರೂ ನೋಡಿಕೊಳ್ಳಿ. ನಮ್ಮ ಮನೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಅನ್ನ ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಕುದಿದಂತೆ ಅಂಥ ನೀರು ಕ್ಷಾರವಾಗುತ್ತದೆ, ಸೋಡಾ ಹಾಕಿದಾಗ ಆಗುವುದೇ ಇಲ್ಲಿ ನಿಧಾನವಾಗಿ ಆಗುತ್ತದೆ. ಕುಡಿಯುವ ಶೋಧಿಸಿದ ನೀರು ಬಳಸಿ. ನಿಂಬೆ ಹಿಂಡಿ ಸರಿಪಡಿಸಲು ಹೋಗಬೇಡಿ, ಅನ್ನ ಕೆಂಪಾಗುತ್ತದೆ.

ಸಕ್ಕರೆ ಕಾಯಿಲೆಯಿರುವ ತಂದೆಯವರಿಗೆ ದಿನವೂ ಬಿಳಿ ಅನ್ನದ ಬದಲು ಇದನ್ನು ಕೊಡಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಈ ಆಲೋಚನೆಯೇ ನನಗೆ ಒಪ್ಪಿಗೆಯಿಲ್ಲ. ಹದಿನಾರು ಪಾಲು ಬಿಳಿ ಅಕ್ಕಿಗೆ ಒಂದು ಪಾಲು ಕಪ್ಪಕ್ಕಿ ಹಾಕಿದ ಅನ್ನ ಬಿಳಿ ಅನ್ನವೇ. ಬಣ್ಣ ನೋಡಿ ಅವರಿಗೆ ಇನ್ನೊಂದು ಸೌಟು ಬಡಿಸಬೇಡಿ. ಅವರ ಊಟದ ಲೆಕ್ಕವನ್ನು ವೈದ್ಯರೊಂದಿಗೆ ಮಾತನಾಡಿ ಹಾಕಿ. ಇದನ್ನು ಮಾಡಬೇಕಾದದ್ದು ರುಚಿಗೆ, ಆ ಅಡಿಕೆ ಹೂವಿನಂಥ ತೆಳು ಪರಿಮಳಕ್ಕೆ, ತಟ್ಟೆಯ ಮೇಲಿನ ಚೆಲುವಿಗೆ. ಸುಟ್ಟ ಕಡಲಪಾಚಿಯ ಹಾಳೆ ಮತ್ತು ಹುದುಗಿಸಿದ ತರಕಾರಿಯಾದ ಕಿಮ್ಚಿಯೊಂದಿಗೆ ಇದು ಬಹಳ ಚೆನ್ನ. ಮೆಂತ್ಯಸೊಪ್ಪಿನ ತೊವ್ವೆಗೂ ಒಗ್ಗುತ್ತದೆ. ಹುಣಸೆಹುಳಿಯ ಸಾರು ಕಲಸಿದರೆ ಮಾತ್ರ ಬಣ್ಣ ಕೆಂಪಿಗೆ ತಿರುಗುತ್ತದೆ.

ನಿಮ್ಮಲ್ಲಿ ಉಳಿದಿರುವ ಕಪ್ಪಕ್ಕಿಯನ್ನು ಎಸೆಯಬೇಡಿ. ಅರ್ಧ ಕಿಲೋ ಎಂದರೆ ಹೀಗೆ ಇಪ್ಪತ್ತು ಸಲ ಅನ್ನ ಮಾಡುವಷ್ಟು. ಬರೀ ಕಪ್ಪಕ್ಕಿಯನ್ನೇ ತಿನ್ನುವ ಆಸೆಯಿದ್ದರೆ ಮಣಿಪುರದವರಂತೆ ಹಾಲಿನಲ್ಲಿ ಬೇಯಿಸಿ ಪಾಯಸ ಮಾಡಿ. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಬಿಳಿ ಅಕ್ಕಿಯಂತೆ ಡಬ್ಬದಲ್ಲಿ ವರ್ಷಗಟ್ಟಲೆ ಇಡಲಾಗದು. ಗಾಳಿಯಾಡದ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಡಿ, ತೆಗೆದಾಗಲೆಲ್ಲ ಮೂಸಿ ನೋಡಿ, ಕಮಟು ವಾಸನೆ ಬಂದಿದ್ದರೆ ಬಳಸಬೇಡಿ.